ಆರೋಗ್ಯ ಸಚಿವರೇ, ಮೊದಲು ಪರೀಕ್ಷೆ ಮಾಡಿಸಿ, ಆಮೇಲೆ ‘ಚೆನ್ನಾಗಿದ್ದಾರೆ’ ಅನ್ನಿ

ಮಾನ್ಯ ಆರೋಗ್ಯ ಸಚಿವರಿಗೆ ನಮಸ್ಕಾರ.

ದೊಡ್ಡವರ ಹತ್ತಿರ ದೂರು ಹೇಳಿ ಏನು ಪ್ರಯೋಜನ ಅಂತ ಇಷ್ಟು ದಿನ ಸುಮ್ನಿದ್ದೆ. ಹೋದ ತಿಂಗಳು ನಡೆದದ್ದನ್ನು ನೋಡಿದ ಮೇಲೆ ಸುಮ್ಮನಿರಲು ಆಗುತ್ತಿಲ್ಲ.

ನಾನು ಕಾಮಾಕ್ಷಿಪಾಳ್ಯದವಳು. ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಟೈಲರ್ ಕೆಲಸ. 2021ರಲ್ಲಿ ನಮ್ಮನೆಯವರಿಗೆ ಮೆನಿಂಜೈಟಿಸ್, ಅಂದರೆ ಮೆದುಳು ಜ್ವರ ಬಂತು. ನ್ಯುಮೋಕಾಕಸ್ ಬ್ಯಾಕ್ಟೀರಿಯಾದಿಂದ ಬಂದದ್ದು ಅಂದರು. ಐಸಿಯುನಲ್ಲಿ ಇದ್ದು ಬದುಕಿ ಬಂದರು. ಉಳಿಸಿದ ಡಾಕ್ಟರಿಗೂ ನರ್ಸ್‌ಗಳಿಗೂ ಇವತ್ತಿಗೂ ಕೈ ಮುಗಿಯುತ್ತೇನೆ.

ಆದರೆ ಮನೆಗೆ ಬಂದವರು ಮೊದಲಿನ ಹಾಗಿಲ್ಲ. ಚಿಕ್ಕಪೇಟೆಯ ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದವರು, ಜಿಎಸ್‌ಟಿ ಲೆಕ್ಕ ಬಾಯಲ್ಲೇ ಹಾಕುತ್ತಿದ್ದವರು, ಈಗ ಒಂದು ಬಿಲ್ ಕೂಡುವಾಗ ಯಾರಾದರೂ ಮಾತಾಡಿಸಿದರೆ ಮತ್ತೆ ಮೊದಲಿನಿಂದ ಶುರು ಮಾಡಬೇಕು. ಕೇಳಿದ್ದು ಅರ್ಥವಾಗುತ್ತದೆ, ಉತ್ತರ ಬರಲು ಹೊತ್ತು ಬೇಕು. ಹಳೆಯದೆಲ್ಲ ನೆನಪಿದೆ, ಬೆಳಗ್ಗೆ ಹೇಳಿದ್ದು ಸಂಜೆಗೆ ಇಲ್ಲ. ಒಲೆ ಮೇಲೆ ಹಾಲಿಟ್ಟು ಮರೆಯುತ್ತಾರೆ. ಮೆಜೆಸ್ಟಿಕ್ ಗಲಾಟೆಯಲ್ಲಿ ಯಾವ ಬಸ್ಸು ಅಂತ ತೋಚದೆ ನಿಂತುಬಿಡುತ್ತಾರೆ. ಮಧ್ಯಾಹ್ನಕ್ಕೇ ಸುಸ್ತು. ಅಂಗಡಿ ಓನರ್ ಸ್ವಲ್ಪ ದಿನ ನೋಡಿದರು, ಆಮೇಲೆ ಬರಬೇಡಿ ಅಂದರು. ಈಗ ನನ್ನ ಸಂಬಳದಲ್ಲೇ ಬಾಡಿಗೆ, ಮಗಳ ಫೀಸು, ಮಾತ್ರೆ.

ಅಂಗವೈಕಲ್ಯ ಪ್ರಮಾಣಪತ್ರ ಕೇಳೋಣ ಅಂತ ರಜೆ ಹಾಕಿ ಒಂದು ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಬೆಳಗ್ಗೆಯಿಂದ ಕ್ಯೂ. ಒಳಗೆ ಹೋದರೆ ಕೈ ಎತ್ತಿ, ನಡೀರಿ, ಹೆಸರೇನು, ಇವತ್ತು ಯಾವ ವಾರ. ಎಲ್ಲಕ್ಕೂ ಉತ್ತರ ಕೊಟ್ಟರು. ಅಷ್ಟೇ ಪರೀಕ್ಷೆ. “ಸ್ಕ್ಯಾನ್ ನಾರ್ಮಲ್ ಇದೆಯಲ್ಲಮ್ಮ, ಆಳು ಗಟ್ಟಿಮುಟ್ಟಾಗಿದ್ದಾನೆ. ದುಡಿಯೋಕೆ ಸೋಮಾರಿತನ, ಪಿಂಚಣಿಗೆ ಅಂತ ಕರ್ಕೊಂಡು ಬರ್ತೀರ” ಅಂದರು ಡಾಕ್ಟರು. ಅಷ್ಟು ಜನರ ಮುಂದೆ! ನಮ್ಮನೆಯವರು ಏನೋ ಹೇಳಲು ಹೋದರು. ಮಾತು ಸಿಗುವ ಹೊತ್ತಿಗೆ ಮುಂದಿನವರನ್ನು ಕರೆದಾಗಿತ್ತು. ಬಸ್ಸಿನಲ್ಲಿ ಬರುವಾಗ ಕೇಳಿದರು: “ನಾನು ನಿಜವಾಗ್ಲೂ ಸೋಮಾರಿನೇನೆ?” ಇದಕ್ಕೆ ನಾನು ಏನು ಹೇಳಬೇಕಿತ್ತು ಸಚಿವರೇ?

ಬ್ಯಾಕ್ಟೀರಿಯಾದ ಮೆನಿಂಜೈಟಿಸ್‌ನಿಂದ ಬದುಕಿ ಬಂದ ಐದು ಜನರಲ್ಲಿ ಒಬ್ಬರಿಗೆ ತೊಂದರೆ ದೀರ್ಘಕಾಲ ಉಳಿಯುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಕೆಲವರಿಗೆ ಕಿವಿ ಹೋಗುತ್ತದೆ, ಕೆಲವರಿಗೆ ಫಿಟ್ಸ್, ಕೆಲವರಿಗೆ ನೆನಪು. ಸ್ಕ್ಯಾನ್ ನಾರ್ಮಲ್ ಇದ್ದರೂ ಯೋಚನೆ ನಿಧಾನ ಆಗಿರಬಹುದು. ಅದನ್ನು ನೋಡಲು ಬೇರೆಯೇ ಪರೀಕ್ಷೆ ಇದೆ, ನ್ಯೂರೋಸೈಕಾಲಜಿಯವರು ಕೂರಿಸಿಕೊಂಡು ಗಮನ, ನೆನಪು, ವೇಗ ಎಲ್ಲ ಅಳೆಯುತ್ತಾರೆ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಇದು ನಡೆಯುತ್ತದೆ. ಅದೇ ನಿಮ್ಹಾನ್ಸ್ ಜೊತೆ ಸೇರಿ ನಿಮ್ಮ ಇಲಾಖೆ ಮೆದುಳಿನ ಆರೋಗ್ಯದ ಯೋಜನೆ ನಡೆಸುತ್ತಿದೆ ಅಲ್ವಾ? ಹಾಗಿದ್ದ ಮೇಲೆ ಅಲ್ಲಿಗೆ ಒಂದು ಚೀಟಿ ಬರೆದುಕೊಡಲು ಏನು ಕಷ್ಟ?

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಯ ಅಂಗವೈಕಲ್ಯಗಳಲ್ಲಿ ದೀರ್ಘಕಾಲದ ನರದ ಸಮಸ್ಯೆಯೂ ಇದೆ, ಅರ್ಜಿ ತಿರಸ್ಕರಿಸಿದರೆ ಕಾರಣ ಬರೆದು ಕೊಡಬೇಕು. ಇವೆಲ್ಲ ನಿಮಗೆ ನಾನು ಹೇಳಬೇಕಾಗಿಲ್ಲ. ನಮಗೆ ಬರೆದು ಕೊಟ್ಟದ್ದು ಏನೂ ಇಲ್ಲ, ಬೈಗುಳ ಕೇಳಿ ಬಂದೆವು.

40 ಪರ್ಸೆಂಟ್ ಅಂಗವೈಕಲ್ಯ ಇದೆ ಅಂತ ಬರೆದು ಕೊಟ್ಟೇ ಕೊಡಿ ಅಂತ ನಾನು ಕೇಳುತ್ತಿಲ್ಲ. ಪರೀಕ್ಷೆ ಮಾಡಿಸಿ ಅನ್ನುತ್ತಿದ್ದೇನೆ. ಅದರಲ್ಲಿ ಏನೂ ಇಲ್ಲ ಅಂತ ಬಂದರೆ ಒಪ್ಪಿಕೊಳ್ಳುತ್ತೇನೆ. ಪರೀಕ್ಷೆ ಮಾಡದೆ ಸೋಮಾರಿ ಅನ್ನಬೇಡಿ.

ಪ್ರಮಾಣಪತ್ರ ಕೊಡುವ ಎಲ್ಲ ಆಸ್ಪತ್ರೆಗಳಿಗೆ ಒಂದು ಸುತ್ತೋಲೆ ಕಳಿಸಿ. ಮೆದುಳು ಜ್ವರದಿಂದ ಬದುಕಿ ಬಂದವರು ನೆನಪಿನ ತೊಂದರೆ ಹೇಳಿಕೊಂಡರೆ, ಅದರ ಪರೀಕ್ಷೆ ಆಗದೆ ವಾಪಸ್ ಕಳಿಸಬಾರದು ಅಂತ. ಸಂಬಳ ಕಟ್ ಆದರೂ ಸರಿ, ನಾನು ಇನ್ನೊಮ್ಮೆ ರಜೆ ಹಾಕಿ ಕರೆದುಕೊಂಡು ಬರುತ್ತೇನೆ. ಈ ಸಲ ಪರೀಕ್ಷೆ ಆಗಲೇಬೇಕು.

ಇಂತಿ,
ಕಾಮಾಕ್ಷಿಪಾಳ್ಯದ ಒಬ್ಬ ಹೆಣ್ಣುಮಗಳು