ಎಎಚ್‌ಯು ಕಂಟ್ರೋಲರ್ ನೆಟ್‌ವರ್ಕ್: ಪವರ್ ಕೊಡುವ ಮುಂಚೆ ಓದಿ

ಎಎಚ್‌ಯು (ಬಿಲ್ಡಿಂಗಿಗೆ ಎಸಿ ಗಾಳಿ ಕಳಿಸುವ ಯಂತ್ರ) ಕಂಟ್ರೋಲರ್‌ಗಳನ್ನು ಬ್ಯಾಕ್‌ನೆಟ್ ಎಂಎಸ್‌ಟಿಪಿ ಲೈನಿಗೆ, ಅಂದ್ರೆ ಅವು ಒಂದಕ್ಕೊಂದು ಮಾಹಿತಿ ಕಳಿಸುವ ತಂತಿಗೆ, ಸೇರಿಸುವವರು ಗಮನಿಸಿ. ಕೇಬಲ್ ಒಂದರಿಂದ ಇನ್ನೊಂದಕ್ಕೆ ಸಾಲಾಗಿ ಹೋಗಬೇಕು, ನಡುವೆ ಕವಲು ಬೇಡ. 120 ಓಮ್ ರೆಸಿಸ್ಟರ್ ಲೈನಿನ ಎರಡು ತುದಿಗೆ ಮಾತ್ರ. ಬಾಡ್ ರೇಟ್ (ಮಾಹಿತಿ ಹೋಗುವ ವೇಗ) ಎಲ್ಲದಕ್ಕೂ 38400 ಇಡೋಣ. ಮ್ಯಾಕ್ ವಿಳಾಸ (ಲೈನಿನಲ್ಲಿ ಆ ಕಂಟ್ರೋಲರ್‌ನ ನಂಬರ್) 0ರಿಂದ 127ರೊಳಗೆ, ಒಂದೇ ಲೈನಿನಲ್ಲಿ ಎರಡಕ್ಕೆ ಒಂದೇ ವಿಳಾಸ ಇರಬಾರದು; ಡಿವೈಸ್ ಇನ್‌ಸ್ಟೆನ್ಸ್ (ಬ್ಯಾಕ್‌ನೆಟ್‌ನಲ್ಲಿ ಆ ಸಾಧನದ ಗುರುತಿನ ಸಂಖ್ಯೆ) ಆದ್ರೆ ಆ ಲೈನಿನಲ್ಲಷ್ಟೇ ಅಲ್ಲ, ಇಡೀ ಬಿಲ್ಡಿಂಗ್ ನೆಟ್‌ವರ್ಕಿನಲ್ಲೇ ಎಲ್ಲೂ ಎರಡು ಸಲ ಬರಬಾರದು, ಜನ ಜಾಸ್ತಿ ಮರೆಯುವುದು ಇದನ್ನೇ. ಮ್ಯಾಕ್ಸ್ ಮಾಸ್ಟರ್ (ಕಂಟ್ರೋಲರ್ ಎಷ್ಟನೇ ವಿಳಾಸದವರೆಗೆ ಹುಡುಕಬೇಕು ಅನ್ನೋ ಸೆಟ್ಟಿಂಗ್) 127 ಅಂತ ಸುಮ್ನೆ ಬಿಡಬೇಡಿ. ಇಲ್ಲದ ವಿಳಾಸಗಳನ್ನೂ ಹುಡುಕುತ್ತಾ ಲೈನ್ ನಿಧಾನ ಆಗುತ್ತದೆ, ಅಲ್ವಾ? ಲೈನಿನಲ್ಲಿರುವ ದೊಡ್ಡ ವಿಳಾಸದಷ್ಟು ಹಾಕಿದರೆ ಸಾಕು. ಫ್ಯಾನಿನ ವಿಎಫ್‌ಡಿ (ಮೋಟರ್ ವೇಗ ಬದಲಿಸುವ ಸಾಧನ) ಮಾಡ್‌ಬಸ್ ಅನ್ನೋ ಬೇರೆ ಪ್ರೋಟೋಕಾಲ್‌ನದು, ಅದನ್ನು ಇದೇ ತಂತಿಗೆ ಸೇರಿಸಬೇಡಿ, ಬೇರೆ ಪೋರ್ಟಿಗೆ ಕೊಡಿ. ವಿಳಾಸದ ಪಟ್ಟಿ ಸಂಜೆಯೊಳಗೆ ಇಲ್ಲೇ ಹಾಕಿ.