ಕಾನಾ ಊರಿನ ಮದುವೆ, ನಮ್ಮ ತಂಗಿಯ ಮದುವೆ

ಪ್ರಿಯ ಗೆಳೆಯಾ,

ಕರ್ತನಲ್ಲಿ ವಂದನೆ. ಈಸ್ಟರ್ ಆದ ಮೇಲೆ ತಂಗಿಯ ಮದುವೆ ಅಂತ ಓದಿ ನಮ್ಮ ಮನೆಯಲ್ಲಿ ಎಲ್ಲರಿಗೂ ಖುಷಿಯಾಯಿತು. ಆದರೆ ನಿನ್ನ ಪತ್ರದ ಕೊನೆಯ ನಾಲ್ಕು ಸಾಲು ಓದಿದಾಗಿನಿಂದ ಸಮಾಧಾನ ಇಲ್ಲ. ರೈತರ ಮಾಲು ಮಾರಿಸಿ ಕಮಿಷನ್ ಪಡೆಯುವ ಅಡತ್ ಅಂಗಡಿಯ ಸಾಹುಕಾರರು ಎರಡು ಲಕ್ಷ ಕೊಡಲು ಒಪ್ಪಿದ್ದಾರೆ, ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿ, ಮುಂದಿನ ತೊಗರಿ ರಾಶಿಗೆ ತೀರಿಸುತ್ತೇನೆ ಅಂದಿದ್ದೀಯ. ಕಾನಾ ಊರಿನ ಮದುವೆಯಲ್ಲಿ ನೀರನ್ನೇ ದ್ರಾಕ್ಷಾರಸ ಮಾಡಿ ಒದಗಿಸಿದ ಯೇಸುಸ್ವಾಮಿ ನಮ್ಮ ಮದುವೆಗೆ ಒದಗಿಸದೆ ಇರುತ್ತಾನಾ ಅಂತಲೂ ಕೇಳಿದ್ದೀಯ.

ಖಂಡಿತ ಒದಗಿಸುತ್ತಾನೆ. ಆದರೆ ಸಾಹುಕಾರರ ಎರಡು ಲಕ್ಷವನ್ನು ಆತನ ಲೆಕ್ಕಕ್ಕೆ ಬರೆಯಬೇಡ.

ನೀನು ಒಪ್ಪಿದ್ದರಿಂದ ಹೆಸರು ಬಿಟ್ಟು ಈ ಪತ್ರವನ್ನು ಎಲ್ಲರೂ ಓದಲಿ ಅಂತ ಹಾಕುತ್ತಿದ್ದೇನೆ. ನಮ್ಮ ಬೀದರ್ ಕಡೆ ಈ ಸಂಕಟ ನಿನ್ನೊಬ್ಬನದಲ್ಲ.

ಲೆಕ್ಕ ನೋಡು. ಎರಡು ಲಕ್ಷಕ್ಕೆ ತಿಂಗಳಿಗೆ ಆರು ಸಾವಿರ ಬಡ್ಡಿ. ವರ್ಷಕ್ಕೆ 72,000. ತೊಗರಿಗೆ ಕೇಂದ್ರ ಸರ್ಕಾರ 2025-26ಕ್ಕೆ ಇಟ್ಟ ಬೆಂಬಲ ಬೆಲೆ ಕ್ವಿಂಟಲಿಗೆ 8,000. ಅಂದರೆ ಬಡ್ಡಿಗೇ ಒಂಬತ್ತು ಕ್ವಿಂಟಲ್ ತೊಗರಿ ಹೋಯಿತು. ಅಸಲಿಗೆ ಇಪ್ಪತ್ತೈದು. ಒಟ್ಟು ಮೂವತ್ತನಾಲ್ಕು. ನಿನ್ನ ನಾಲ್ಕು ಎಕರೆಯಲ್ಲಿ ಮಳೆ ಚೆನ್ನಾಗಿ ಬಿದ್ದ ವರ್ಷವೂ ಹದಿನೆಂಟು ಇಪ್ಪತ್ತರ ಮೇಲೆ ಬಂದಿದ್ದು ನಾನು ಕಾಣೆ. ಗಿಡ ಒಣಗಿಸುವ ನೆಟೆ ರೋಗ ಬಂದರೆ ಅದೂ ಇಲ್ಲ. ಒಂದು ರಾಶಿಗೆ ತೀರುವ ಸಾಲವೇ ಅಲ್ಲ ಇದು. ಮೂರು ರೂಪಾಯಿ ಬಡ್ಡಿ ಅಂದಾಗ ಕೇಳಲು ಹಗುರ. ವರ್ಷಕ್ಕೆ ನೂರಕ್ಕೆ ಮೂವತ್ತಾರು ಅಂತ ಯಾರೂ ಹೇಳುವುದಿಲ್ಲ, ಅಲ್ವಾ?

ಇನ್ನೊಂದು ಮಾತು. ಅಡತ್ ಅಂಗಡಿಯ ಸಾಲ ಬರೀ ಸಾಲ ಅಲ್ಲ. ಸಾಲ ತೀರುವವರೆಗೆ ನಿನ್ನ ಮಾಲು ಅದೇ ಅಂಗಡಿಗೆ ಹೋಗಬೇಕು, ಅವತ್ತಿನ ದರಕ್ಕೇ ಹೋಗಬೇಕು. ಗಂಜಿನಲ್ಲಿ, ಅಂದರೆ ಮಾರುಕಟ್ಟೆಯಲ್ಲಿ, ದರ ಬಿದ್ದಿದೆ, ಸರ್ಕಾರದ ಖರೀದಿ ಕೇಂದ್ರಕ್ಕೆ ಒಯ್ಯೋಣ ಅಂದರೆ ಆಗದು. ಎರಡು ತಿಂಗಳು ಇಟ್ಟು ಮಾರೋಣ ಅಂದರೂ ಆಗದು. ಸಾಲ ಮಾಡಿದವನು ಸಾಲ ಕೊಟ್ಟವನಿಗೆ ಆಳು ಎಂದು ಬೈಬಲಿನ ಜ್ಞಾನೋಕ್ತಿ 22ರಲ್ಲಿ ಓದುತ್ತೇವಲ್ಲ, ಅದು ಗಂಜಿನಲ್ಲಿ ನಿಂತು ಬರೆದ ಹಾಗಿದೆ.

ಈಗ ಕಾನಾಗೆ ಬರೋಣ. ಯೋಹಾನ 2ನೇ ಅಧ್ಯಾಯ ಇನ್ನೊಮ್ಮೆ ನಿಧಾನವಾಗಿ ಓದು. ಆ ಮನೆಯವರು ಅದ್ಭುತ ನಡೆಯುತ್ತದೆ ಅಂತ ನಂಬಿಕೊಂಡು ಜನರನ್ನು ಕರೆದಿರಲಿಲ್ಲ. ತಮ್ಮ ಕೈಲಾದಷ್ಟು ದ್ರಾಕ್ಷಾರಸ ತಂದಿದ್ದರು. ಅದು ಸಾಲದೇ ಹೋಯಿತು. ಆಗ ಯೇಸು ಅಲ್ಲಿ ಇದ್ದ ಆರು ಕಲ್ಲಿನ ಬಾನಿಗಳಿಗೆ ನೀರು ತುಂಬಿಸಿದ. ಐದು ಸಾವಿರ ಜನರಿಗೆ ಊಟ ಕೊಟ್ಟ ಕಡೆಯೂ ನೋಡು. ಐದು ರೊಟ್ಟಿ, ಎರಡು ಮೀನಿನಿಂದ ಅಷ್ಟು ಜನ ಉಂಡರು. ಕಣ್ಣೆದುರೇ ಅಂಥ ಅದ್ಭುತ ನಡೆದ ಮೇಲೂ, ಉಳಿದ ತುಂಡು ಯಾವುದೂ ಹಾಳಾಗದಂತೆ ಕೂಡಿಸಿರಿ ಅಂದ. ಹನ್ನೆರಡು ಪುಟ್ಟಿ ತುಂಬಿತು. ಬೇಕಾದಾಗ ರೊಟ್ಟಿ ಹುಟ್ಟಿಸಬಲ್ಲವನಿಗೆ ತುಂಡಿನ ಚಿಂತೆ ಯಾಕೆ? ನನಗಂತೂ ಆ ಊಟದಷ್ಟೇ ಆ ಮಾತೂ ದೊಡ್ಡದು.

ಪ್ರವಾದಿ ಎಲೀಷನ ಬಳಿ ಬಂದ ವಿಧವೆಯ ಕಥೆಯೂ ಅಷ್ಟೇ. ಸಾಲ ಕೊಟ್ಟವನು ಅವಳ ಮಕ್ಕಳನ್ನು ಆಳಾಗಿ ಒಯ್ಯಲು ಬಂದಿದ್ದ. ಅದ್ಭುತವಾಗಿ ಅವಳ ಮನೆಯ ಎಣ್ಣೆ ಉಕ್ಕಿತು. ಪ್ರವಾದಿ ಹೇಳಿದ್ದೇನು? ಮೊದಲು ಎಣ್ಣೆ ಮಾರಿ ಸಾಲ ತೀರಿಸು, ಉಳಿದದ್ದರಲ್ಲಿ ಮಕ್ಕಳ ಜೊತೆ ಬಾಳು. ಊರೂಟ ಹಾಕಿಸು ಅನ್ನಲಿಲ್ಲ.

ನಿಮ್ಮ ಪ್ರಾರ್ಥನೆ ಕೂಟದಲ್ಲಿ ಯಾರೋ ಮನ್ನದ, ಅಂದರೆ ಅಡವಿಯಲ್ಲಿ ಇಸ್ರಾಯೇಲ್ಯರಿಗೆ ದೇವರು ದಿನದಿನಕ್ಕೆ ಕೊಟ್ಟ ಆಹಾರದ, ಮಾತು ಎತ್ತಿದರು ಅಂತ ಬರೆದಿದ್ದೀಯ. ನಾಳೆಗೆ ಇಟ್ಟದ್ದು ಹುಳ ಬಿತ್ತು, ಆದ್ದರಿಂದ ಕೂಡಿಡುವುದು ಅಪನಂಬಿಕೆ ಅಂದರಂತೆ. ಅವರು ಅದೇ ಅಧ್ಯಾಯವನ್ನು ಪೂರ್ತಿ ಓದಿಲ್ಲ. ಆರನೇ ದಿನ ಎರಡು ಪಾಲು ಕೂಡಿಸಿಕೊಳ್ಳಿ ಅಂತ ಹೇಳಿದವನೂ ಅದೇ ದೇವರು. ತಿಂಗಳ ಸಂಬಳದವರಿಗೆ ಮನ್ನದ ಪಾಠ ಸರಿಹೋಗಬಹುದು. ನಮ್ಮ ಕಡೆಯ ಒಕ್ಕಲಿಗೆ ಬರ ಬರುವ ಮೊದಲೇ ಕಾಳು ಕೂಡಿಡಿಸಿದ ಯೋಸೇಫನ ಪಾಠವೇ ಬೇಕು. ಸೋಯಾ, ಹೆಸರು, ಉದ್ದು ಮಾರಿದಾಗ ಒಂದಿಷ್ಟು, ತೊಗರಿ ರಾಶಿಯಾದಾಗ ಒಂದಿಷ್ಟು. ಆಮೇಲೆ ಕೈ ಖಾಲಿ. ಜೂನ್ ಬಂತೆಂದರೆ ಬೀಜ, ಗೊಬ್ಬರ, ಮಕ್ಕಳ ಫೀಸು ಮೂರೂ ಒಟ್ಟಿಗೆ ಬಾಗಿಲು ತಟ್ಟುತ್ತವೆ. ಸಮೃದ್ಧಿಯ ವರ್ಷಗಳಲ್ಲಿ ಐದರಲ್ಲಿ ಒಂದು ಪಾಲು ತೆಗೆದಿಡಿಸು ಅಂತ ಯೋಸೇಫ ಐಗುಪ್ತದ ಅರಸ ಫರೋಹನಿಗೆ ಹೇಳಿದ. ನಿನ್ನ ಕೈಯಲ್ಲಿ ಈಗಿರುವ ತೊಗರಿ ಹಣ ಇದೆಯಲ್ಲ, ಅದೇ ದೇವರು ಈ ವರ್ಷಕ್ಕೆ ಒದಗಿಸಿದ್ದು. ಅದರಲ್ಲಿ ಜೂನ್ ತಿಂಗಳ ಪಾಲನ್ನು ಈಗಲೇ ಬೇರೆ ಖಾತೆಗೆ ಹಾಕು, ಮದುವೆಗೆ ಮುಟ್ಟಬೇಡ. ಸೊಸೈಟಿಯ ಬೆಳೆಸಾಲ ತಂದು ಮದುವೆಗೆ ಹಾಕುವ ಯೋಚನೆಯನ್ನೂ ಬಿಡು. ಅದನ್ನು ಮದುವೆಗೆ ಸುರಿದರೆ ಹೊಲಕ್ಕೆ ಏನು ಹಾಕುತ್ತೀಯ?

ಬೆಳೆ ವಿಮೆ ಮಾತ್ರ ತಪ್ಪದೆ ಮಾಡಿಸು. ಮುಂಗಾರು ಧಾನ್ಯ, ಬೇಳೆ ಬೆಳೆಗಳಿಗೆ ರೈತ ಕಟ್ಟುವುದು ವಿಮೆ ಮೊತ್ತದ ನೂರಕ್ಕೆ ಎರಡು. ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿಯ ಅಪಘಾತ ವಿಮೆ, 436 ರೂಪಾಯಿಯ ಜೀವ ವಿಮೆ ಇವೆ. ಎರಡರಲ್ಲೂ ಮನೆಯವರಿಗೆ ಎರಡೆರಡು ಲಕ್ಷದ ಆಸರೆ. ಇದರಲ್ಲಿ ನಂಬಿಕೆ ಕಡಿಮೆಯಾಗುವಂಥದ್ದು ಏನೂ ಇಲ್ಲ.

ದಶಮಾಂಶದ, ಅಂದರೆ ಆದಾಯದ ಹತ್ತನೇ ಒಂದು ಪಾಲನ್ನು ಸಭೆಗೆ ಕೊಡುವುದರ, ಬಗ್ಗೆಯೂ ಕೇಳಿದ್ದೀಯ. ಕೊಡು, ಬಿಡಬೇಡ. ಆದರೆ ಬಂದದ್ದರಲ್ಲಿ ಕೊಡು. ಸಾಲ ತಂದ ದುಡ್ಡಿನಲ್ಲಿ ಅಲ್ಲ. ಇದ್ದದ್ದಕ್ಕೆ ತಕ್ಕಂತೆ ಕೊಟ್ಟದ್ದು ಮೆಚ್ಚಿಗೆ ಅಂತ ಅಪೊಸ್ತಲ ಪೌಲ ಕೊರಿಂಥದ ಸಭೆಯವರಿಗೆ ಬರೆದಿದ್ದಾನೆ. ನಮ್ಮ ಸಭೆಯ ಲೆಕ್ಕ ಬರೆಯುವವನಾಗಿ ಹೇಳುತ್ತೇನೆ, ಕೂಲಿಯವರ ಬಾಕಿ ಇಟ್ಟುಕೊಂಡು ಸುಗ್ಗಿ ಕಾಣಿಕೆಗೆ ದೊಡ್ಡ ಕವರ್ ಕೊಡುವುದು ನನಗೆ ಸರಿ ಕಾಣುವುದಿಲ್ಲ. ಕಾಣಿಕೆಯಾಗಿ ಇಷ್ಟು ಬಿತ್ತಿದರೆ ನೂರರಷ್ಟು ವಾಪಸ್ ಅಂತ ವೇದಿಕೆ ಮೇಲೆ ನಿಂತು ಹೇಳುವವರ ಮಾತಿಗಂತೂ ಕಿವಿಗೊಡಬೇಡ.

ಇನ್ನು ನಿನ್ನ ಖರ್ಚಿನ ಪಟ್ಟಿ. ಬೈಕ್ ಅಂತ ಬರೆದಿದ್ದೀಯ. ಅದನ್ನು ಕೇಳಿದ್ದು ಗಂಡಿನ ಕಡೆಯವರಾ, ಸುಮ್ನೆ ನೀನೇ ಹೇಳಿದ್ದಾ? ಅವರು ಕೇಳಿದ್ದರೆ ಅದು ವರದಕ್ಷಿಣೆ, 1961ರ ಕಾಯ್ದೆ ಪ್ರಕಾರ ತೆಗೆದುಕೊಳ್ಳುವವರಂತೆ ಕೊಡುವವರೂ ತಪ್ಪಿತಸ್ಥರು. ಪಾಸ್ಟರ್ ಅವರನ್ನು ಕೂರಿಸಿಕೊಂಡು ಮಾತಾಡೋಣ. ನೀನೇ ಹೇಳಿದ್ದರೆ ಇವತ್ತೇ ಹೊಡೆದು ಹಾಕು. ಫಂಕ್ಷನ್ ಹಾಲ್ ಯಾಕೆ ಬೇಕು? ಚರ್ಚ್ ಅಂಗಳದಲ್ಲಿ ಶಾಮಿಯಾನ ಹಾಕಿದರೆ ಸಾಲದಾ? ಸಾವಿರದ ಐನೂರು ಜನ ಅಂತ ಬರೆದಿದ್ದೀಯ, ಅದರಲ್ಲಿ ತಂಗಿಯ ಮುಖ ಗೊತ್ತಿರುವವರು ಎಷ್ಟು ಜನ ಅಂತ ನಿನ್ನ ಹೆಂಡತಿ, ನಮ್ಮ ವೈನಿಯನ್ನು ಕೇಳು. ಪಟ್ಟಿಯನ್ನು ಇನ್ನೊಮ್ಮೆ ಅವರೇ ಬರೆಯಲಿ, ನಿನಗಿಂತ ಅವರ ಕೈ ಬಿಗಿ.

ಅಡುಗೆ ಪಾತ್ರೆ, ಕುರ್ಚಿ ನಮ್ಮ ಸಭೆಯಿಂದ ತರುವ ಜವಾಬ್ದಾರಿ ನನ್ನದು. ಭಾನುವಾರ ಆರಾಧನೆ ಮುಗಿಸಿ ಮಧ್ಯಾಹ್ನದ ಬಸ್ಸಿಗೆ ಭಾಲ್ಕಿಗೆ ಬರುತ್ತೇನೆ. ಪಾಸ್‌ಬುಕ್, ರಾಶಿ ಮಾರಿದ ಪಟ್ಟಿ, ಹಳೆಯ ಸಾಲದ ಕಾಗದ ಎಲ್ಲ ತೆಗೆದಿಟ್ಟಿರು. ನಾನು ಬರುವವರೆಗೆ ಸಾಹುಕಾರರ ಅಂಗಡಿಯಲ್ಲಿ ಎಲ್ಲಿಯೂ ಸಹಿ ಹಾಕಬೇಡ.

ನಿನ್ನ ಗೆಳೆಯ,
ಬೀದರ್