ಸಿಲ್ವರ್ ಪೇಂಟ್ ಬಳಿದ ಅಳಿಯನಿಗೆ

ಮಲ್ಪೆ
ಜೂನ್ 24

ಚಿರಂಜೀವಿ ಅಳಿಯನಿಗೆ ಮಾವನ ಆಶೀರ್ವಾದಗಳು.

ನೀನು ಮಂಗಳೂರು ದಕ್ಕೆಯಿಂದ, ಬೋಟು ಕಟ್ಟುವ ಕಟ್ಟೆಯಿಂದ, ಕಳಿಸಿದ ಫೋಟೋ ನೋಡಿದೆ. ಎಂಜಿನ್ ರೂಮ್ ಮದುವೆ ಮನೆಯ ಹಾಗೆ ಕಾಣುತ್ತದೆ ಮಾರಾಯ. ಆದರೆ ಪಂಪಿನಿಂದ ಸಿಲಿಂಡರಿಗೆ ಡೀಸೆಲ್ ಒಯ್ಯುವ ಆರೂ ಇಂಜೆಕ್ಟರ್ ಪೈಪಿಗೆ ನಟ್ ಸಮೇತ ದಪ್ಪಕ್ಕೆ ಸಿಲ್ವರ್ ಪೇಂಟ್ ಬಳಿದಿದ್ದೀಯಲ್ಲ, ಅದೊಂದು ನನಗೆ ಸರಿ ಬರಲಿಲ್ಲ. ಮಳೆಗಾಲದ ಮೀನುಗಾರಿಕೆ ನಿಷೇಧ ಇರುವುದರಿಂದ ಜುಲೈ 31ರವರೆಗೆ ಬೋಟು ಹೇಗೂ ಕಡಲಿಗೆ ಇಳಿಯುವುದಿಲ್ಲ. ಪೈಪು ಕಳಚಿ ಬಣ್ಣ ತೆಗೆ.

ಆ ಪೈಪಿನೊಳಗಿನ ತೂತು ಹೆಚ್ಚೆಂದರೆ 2 ಮಿಲಿಮೀಟರ್. ನಮ್ಮ ಹಳೆ ಎಂಜಿನಿನಲ್ಲಿ ಡೀಸೆಲ್ ಸಿಂಪಡಿಸುವ ನಾಸಲ್ ಬಾಯಿ ಬಿಡಲಿಕ್ಕೇ ಸುಮಾರು 200 ಬಾರ್ ಒತ್ತಡ ಬೇಕು. ನಿನ್ನ ಸ್ಕೂಟರಿನ ಚಕ್ರದ ಗಾಳಿ 2 ಬಾರ್. ಪಂಪು ತಳ್ಳಿದಾಗಲೆಲ್ಲ ಪೈಪು ಒಳಗಿನಿಂದ ಏಟು ತಿನ್ನುತ್ತದೆ, ಹೊರಗಿನಿಂದ ಎಂಜಿನ್ ಅದನ್ನು ನಡುಗಿಸುತ್ತದೆ. ಬಿರುಕು ಬಿಡುವುದು ಹೆಚ್ಚಾಗಿ ತುದಿಯಲ್ಲಿ, ನಟ್ಟಿನ ಹಿಂದೆ. ಮೊದಲು ಬರೀ ಪಸೆ ಕಾಣುತ್ತದೆ. ದಪ್ಪ ಬಣ್ಣದ ಕೆಳಗೆ ಆ ಪಸೆಯೂ ಕಾಣುವುದಿಲ್ಲ, ಉಪ್ಪುಗಾಳಿಯ ತುಕ್ಕೂ ಕಾಣುವುದಿಲ್ಲ.

ನನ್ನ ಕತೆ ನಿನಗೆ ಹೇಳಿಲ್ಲ. ಒಂದು ಮಳೆಗಾಲ ಪೈಪು ಬಿಚ್ಚಿ ಜೋಡಿಸುವಾಗ ಪೈಪು ನಡುಗದಂತೆ ನಡುವೆ ಹಿಡಿಯುವ ಕ್ಲಾಂಪ್ ಒಂದರ ರಬ್ಬರ್ ಹರಿದಿತ್ತು. ನಾಳೆ ತಂದರಾಯಿತು ಅಂತ ಕ್ಲಾಂಪೇ ಹಾಕದೆ ಬಿಟ್ಟೆ. ಕಾಪು ದೀಪಸ್ತಂಭದ ಬೆಳಕು ಹಿಂದೆ ಉಳಿದು ಗಂಟೆ ಆಗಿರಲಿಲ್ಲ, ಮೂರನೇ ಪೈಪು ತುಂಡಾಯಿತು. ಬಿಸಿ ಎಕ್ಸಾಸ್ಟ್ ಪಕ್ಕದಲ್ಲೇ ಡೀಸೆಲ್ ಮಂಜಿನ ಹಾಗೆ ಚಿಮ್ಮುತ್ತಿತ್ತು. ಬೋಟು ನಡೆಸುವ ತಾಂಡೇಲ ಎಂಜಿನ್ ನಿಲ್ಲಿಸದಿದ್ದರೆ ಈ ಪತ್ರ ಬರೆಯಲು ನಾನಿರುತ್ತಿರಲಿಲ್ಲ. ಪಂಪಿನ ಕಡೆ ಉಳಿದ ತುಂಡನ್ನು ಬಿಗಿಯಾಗಿ ಕಟ್ಟಿ, ಅದರ ಬಾಯಿ ಡಬ್ಬದೊಳಗೆ ಇಳಿಸಿ, ಐದೇ ಸಿಲಿಂಡರಿನಲ್ಲಿ ಕುಂಟುತ್ತ ದಕ್ಕೆಗೆ ಬಂದೆವು. ಕ್ಲಾಂಪಿಗೆ ಎಷ್ಟು ದುಡ್ಡು ಅಂತ ಆ ರಾತ್ರಿ ಯಾರೂ ನನ್ನಲ್ಲಿ ಕೇಳಲಿಲ್ಲ.

ಈಗ ಕೆಲಸ. ಬಿಚ್ಚುವಾಗ ಎರಡು ಪಾನ, ಅಂದರೆ ಸ್ಪಾನರ್, ಬೇಕು. ಪಂಪಿನ ಮೇಲೆ ಪೈಪು ಕೂರುವ ಹೋಲ್ಡರನ್ನು ಒಂದರಲ್ಲಿ ಹಿಡಿದುಕೋ, ಇಲ್ಲದಿದ್ದರೆ ಅದೂ ತಿರುಗುತ್ತದೆ. ಪಂಪು, ನಾಸಲ್, ಪೈಪು ಮೂರರ ಬಾಯಿಗೂ ಕೂಡಲೇ ಕ್ಯಾಪ್ ಹಾಕು. ಬಟ್ಟೆ ತುರುಕಬೇಡ, ಒಂದು ನೂಲೆಳೆ ಸಾಕು ನಾಸಲ್ ಕಟ್ಟಲಿಕ್ಕೆ. ತುಕ್ಕನ್ನು ನುಣುಪು ಎಮರಿ ಕಾಗದದಲ್ಲಿ ಮೆಲ್ಲಗೆ ಉಜ್ಜು. ಉಗುರಿಗೆ ಗುಂಡಿ ಸಿಕ್ಕಿದರೆ ಆ ಪೈಪು ಗುಜರಿಗೆ. ಪೈಪಿನ ತುದಿಯ ಕೋನಿಗೆ, ಆ ಚೂಪು ಭಾಗಕ್ಕೆ, ಎಮರಿ ಮುಟ್ಟಿಸಲೇಬೇಡ. ಡೀಸೆಲ್ ತಡೆಯುವುದು ಅಲ್ಲಿ ಲೋಹಕ್ಕೆ ಲೋಹ ಕೂತು, ಟೆಫ್ಲಾನ್ ಟೇಪಿನಿಂದ ಅಲ್ಲ. ಆಮೇಲೆ ತೆಳು ಪ್ರೈಮರ್, ಮೇಲೆ ಒಂದು ಕೈ ತಿಳಿಬಣ್ಣ. ನಟ್ಟು, ಥ್ರೆಡ್ಡು, ಕೋನು ಬರಿದಾಗಿಯೇ ಇರಲಿ. ಕ್ರೋಮ್ ಹಾಕಿಸುತ್ತೇನೆ ಅಂತ ಬರೆದಿದ್ದೀಯಲ್ಲ, ಬೇಡ. ಆ ಸಣ್ಣ ತೂತಿನೊಳಗೆ ಕ್ರೋಮ್ ಹಾಕುವವರ ಆಸಿಡ್ ಹೊಕ್ಕರೆ ತೊಳೆಯುವುದು ಹೇಗೆ?

ಒಂದನೇ ಸಿಲಿಂಡರಿನ ಪೈಪು ಸುಮ್ಮನೆ ಸುತ್ತು ಹೊಡೆದಿದೆ, ನೆಟ್ಟಗೆ ಮಾಡಲೇ ಅಂತ ಕೇಳಿದ್ದೀಯ. ಸುಮ್ಮನೆ ಅಲ್ಲ ಮಗಾ. ಆರಕ್ಕೂ ಉದ್ದ ಸಮ ಇದ್ದರೇ ಡೀಸೆಲ್ ಹೊತ್ತಿಗೆ ಸರಿಯಾಗಿ ತಲುಪುವುದು. ಬಗ್ಗಿಸಿ ಕೂರಿಸುವುದೂ ಬೇಡ. ಮೊದಲು ಎರಡೂ ಕಡೆ ನಟ್ಟು ಕೈಯಲ್ಲೇ ಹಿಡಿಸಿ, ಪೈಪು ತಾನಾಗಿ ಕೂತ ಮೇಲೆ ಪಾನ ಹಾಕು. ಸೋರುತ್ತದೆ ಅಂತ ಮತ್ತೆ ಮತ್ತೆ ಬಿಗಿದರೆ ಕೋನು ಜಜ್ಜಿಹೋಗುತ್ತದೆ.

ಸೋರಿಕೆ ನೋಡಲು ಬೆರಳು ಇಡಬೇಡ, ರಟ್ಟು ಹಿಡಿ. ಆ ಒತ್ತಡದ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗಾಯ, ನೋವೂ ಮೊದಲಿಗೆ ಇರುವುದಿಲ್ಲ, ಆದರೆ ಬೆರಳೇ ಕತ್ತರಿಸಬೇಕಾಗಿ ಬರಬಹುದು. ಹಾಗೇನಾದರೂ ಆದರೆ ಅರಸಿನ ಹಚ್ಚಿ ಕೂರದೆ ದೊಡ್ಡ ಆಸ್ಪತ್ರೆಗೆ ಓಡು, ಒತ್ತಡದ ಡೀಸೆಲ್ ಒಳಹೊಕ್ಕಿದೆ ಅಂತ ಬಾಯಿಬಿಟ್ಟು ಹೇಳು.

ಡೀಸೆಲ್ ಪೈಪಿನೊಳಗೆ ಸೇರಿದ ಏರ್ ತೆಗೆಯುವ ದಿನ ಫೋನ್ ಮಾಡು, ಬೆಳಗಿನ ಬಸ್ಸಿಗೆ ಬರುತ್ತೇನೆ. ನನ್ನ ಹಳೆ 17-19ರ ಪಾನ ತರುತ್ತೇನೆ, ಫೋಟೋದಲ್ಲಿ ಕಂಡ ನಿನ್ನ ಪಾನದ ಬಾಯಿ ಅಗಲವಾಗಿದೆ. ನನ್ನ ಅಕ್ಕನಿಗೆ ಹೇಳು, ಊಟಕ್ಕೆ ಅಲ್ಲಿಗೇ.

ನಿನ್ನ ಮಾವ